ದುರ್ಗಿಗುಡಿಯ ಟೀ ಶರ್ಟ್ ಪ್ರಿಂಟಿಂಗ್ ಅಂಗಡಿ: ಚಿತ್ರಕ್ಕೆ ಫುಲ್ ಮಾರ್ಕ್ಸ್, ಅಳತೆಗೆ ಇಲ್ಲ

ನಾನು ಹೈಸ್ಕೂಲಿನಲ್ಲಿ ಪಿಟಿ ಟೀಚರ್. ನಮ್ಮ ಕುಸ್ತಿ ಹುಡುಗಿಯರಿಗೆ ಪ್ರಾಕ್ಟೀಸ್ ಟೀ ಶರ್ಟ್ ಬೇಕಿತ್ತು. ಎದೆ ಮೇಲೆ ಹಮೀದಾ ಬಾನು ಇರಲೇಬೇಕು ಅಂತ ನನ್ನ ಹಟ. ಭಾರತದ ಮೊದಲ ವೃತ್ತಿಪರ ಮಹಿಳಾ ಪೈಲ್ವಾನ್ ಅಂತ ಹೆಸರಾದವರು ಅವರು.

ಅಂಗಡಿಯ ಡಿಸೈನರ್ ಹುಡುಗ ಈ ಹೆಸರು ಕೇಳಿರಲಿಲ್ಲ. 2024ರ ಮೇ 4ರಂದು ಗೂಗಲ್ ಡೂಡಲ್ ಹಾಕುವವರೆಗೆ ಎಷ್ಟು ಜನಕ್ಕೆ ಗೊತ್ತಿತ್ತು ಬಿಡಿ. ಆ ಡೂಡಲ್ಲನ್ನೇ ಎತ್ತಿ ಹಾಕೋಣ ಮೇಡಂ ಅಂದ. ಬೇರೆಯವರ ಕೆಲಸ ಬೇಡಪ್ಪಾ, ನೀನೇ ಬರಿ ಅಂದೆ. ಬರೆದು ತೋರಿಸಿದ್ದು ಯಾವುದೋ ಜಿಮ್ ಜಾಹೀರಾತಿನ ಹುಡುಗಿ! ಸಣ್ಣ ಸೊಂಟ, ಹಾರಾಡುವ ಕೂದಲು.

"ತಮ್ಮಾ, ಇವರ ತೂಕ 108 ಕೆಜಿ. ಎತ್ತರ 5 ಅಡಿ 3 ಇಂಚು. ದಿನಕ್ಕೆ ಐದೂವರೆ ಲೀಟರಿಗೂ ಜಾಸ್ತಿ ಹಾಲು, ಒಂದು ಕೋಳಿ, ಎರಡು ತಟ್ಟೆ ಬಿರಿಯಾನಿ ಅಂತ ಆಗಿನ ಪೇಪರಿನವರು ಬರೆದಿದ್ದಾರೆ" ಅಂದೆ. ನಕ್ಕು ಮತ್ತೆ ಕೂತ. ಈ ಸಲ ಭುಜ, ಕುತ್ತಿಗೆ, ದಪ್ಪ ತೋಳು ಎಲ್ಲ ಬಂತು. ಬರೀ ಕರಿ ಗೆರೆಯಲ್ಲಿ ಆ ಭಾರ ತಂದಿದ್ದಾನೆ. ನಿಜಕ್ಕೂ ಕೈಗುಣ ಇರುವ ಹುಡುಗ.

ಬೆನ್ನಿಗೆ "1 ನಿಮಿಷ 34 ಸೆಕೆಂಡ್" ಅಂತ ಹಾಕಿಸಿದೆ. 1954ರಲ್ಲಿ ಹಮೀದಾ "ನನ್ನನ್ನು ಸೋಲಿಸಿದವನನ್ನೇ ಮದುವೆಯಾಗ್ತೀನಿ" ಅಂತ ಗಂಡಸರಿಗೆ ಸವಾಲು ಹಾಕಿದ್ದರಲ್ಲ, ಆಗ ಬರೋಡಾದಲ್ಲಿ ಬಾಬಾ ಪೈಲ್ವಾನ್ ನಿಂತಿದ್ದು ಅಷ್ಟೇ ಹೊತ್ತು. ಛೋಟೆ ಗಾಮಾ ಅನ್ನುವವರು ಅಖಾಡಕ್ಕೆ ಬರದೇ ಹಿಂದೆ ಸರಿದಿದ್ದರು. ಗಂಡಸನ್ನು ಕೆಡವಿದ್ದಕ್ಕೆ ಒಂದು ಕಡೆ ಜನ ಕಲ್ಲೂ ತೂರಿದ್ದುಂಟು. ಇಷ್ಟನ್ನೂ ಕೌಂಟರಿನಲ್ಲಿ ನಿಂತು ಹೇಳಿದ್ದರಿಂದ ನನ್ನ ಹಿಂದಿದ್ದ ಗಿರಾಕಿಗಳಿಗೆ ತಡವಾಯಿತು, ಯಾರೂ ಗೊಣಗಲಿಲ್ಲ.

ಕನ್ನಡ ಅಕ್ಷರ ಇದ್ದರೆ ಪ್ರೂಫ್ ನೋಡದೆ ಓಕೆ ಅನ್ನಬೇಡಿ. ಅವರ ಕಂಪ್ಯೂಟರಿನಲ್ಲಿ ಫಾಂಟ್ ಬದಲಾದಾಗ "ಕುಸ್ತಿ"ಯ ಒತ್ತು ಕಳಚಿ ಪಕ್ಕಕ್ಕೆ ಬಿದ್ದಿತ್ತು. ಹೇಳಿದ ತಕ್ಷಣ ಸರಿ ಮಾಡಿದರು.

ಬಟ್ಟೆ ಡ್ರೈಫಿಟ್, ಒಂದಕ್ಕೆ 280 ರೂಪಾಯಿ. ಹತ್ತಿಯದ್ದು ಮೈಗೆ ಹಿತ, ಆದರೆ ನಮ್ಮ ಮಳೆಗಾಲದಲ್ಲಿ ಒಣಗಬೇಕಲ್ಲ! ಸ್ಕ್ರೀನ್ ಪ್ರಿಂಟ್ ಮಾಡಿಸಿದ್ದೇವೆ. ಮಣ್ಣಿನಲ್ಲಿ ಹೊರಳಿ, ಬ್ರಷ್ ಹಾಕಿ ಉಜ್ಜಿದರೂ ಗೆರೆ ಬಿಟ್ಟಿಲ್ಲ.

ಸಿಟ್ಟು ಬಂದಿದ್ದು ಅಳತೆಯಲ್ಲಿ. ನಮ್ಮಲ್ಲಿ ಎಲ್ಲರಿಗಿಂತ ಮೇಲಿನ ತೂಕದಲ್ಲಿ ಆಡುವ ಹುಡುಗಿಗೆ ಶರ್ಟೇ ಇಲ್ಲ. "ಲೇಡೀಸ್ ಕಟ್ಟಲ್ಲಿ ಡಬಲ್ ಎಕ್ಸೆಲ್‌ಗೆ ನಿಂತೋಯ್ತು ಮೇಡಂ" ಅಂದರು ಮಾಲೀಕರು. 108 ಕೆಜಿಯ ಹೆಂಗಸಿನ ಚಿತ್ರ ಅಚ್ಚು ಹಾಕ್ತೀರಿ, ಆ ಮೈಕಟ್ಟಿಗೆ ಬಟ್ಟೆ ಇಲ್ವಾ ಅಂತ ಕೇಳಿದೆ. ಕೊನೆಗೆ 60 ರೂಪಾಯಿ ಜಾಸ್ತಿ ತಗೊಂಡು ಗಂಡಸರ ಅಳತೆಯದು ತರಿಸಿಕೊಟ್ಟರು. ತೋಳು ಮೊಣಕೈವರೆಗೆ ಬರುತ್ತದೆ, ನೀಲಿ ಬಣ್ಣವೂ ಉಳಿದವಕ್ಕೆ ಹೊಂದುವುದಿಲ್ಲ. ಪಾಪ, ಅವಳು ಏನೂ ಅನ್ನಲಿಲ್ಲ, ತೋಳು ಮಡಚಿಕೊಂಡು ಹಾಕಿಕೊಳ್ಳುತ್ತಾಳೆ.

ಐದಕ್ಕೆ ಮೂರೂವರೆ ಕೊಡ್ತೀನಿ. ದೊಡ್ಡ ಅಳತೆ ಬೇಕಿದ್ದವರು ಅಡ್ವಾನ್ಸ್ ಕೊಡುವ ಮೊದಲೇ ಬಟ್ಟೆ ತೆಗೆಸಿ ಹಾಕಿ ನೋಡಿ. ಸಂತೋಷ ಅಂದರೆ ಆ ಹುಡುಗ ಬಿಡಿಸಿದ ಚಿತ್ರದ ಫೈಲ್ ಅಲ್ಲೇ ಇದೆ, ಬೇಕಾದವರು ಕೇಳಿ ಪ್ರಿಂಟ್ ಹಾಕಿಸಿಕೊಳ್ಳಬಹುದು.