ಕೌಂಟ್‌ಇಫ್: ಎಣಿಕೆ ಚೆನ್ನ, ಅತಿ ಬುದ್ಧಿವಂತಿಕೆ ಜಾಸ್ತಿ

ಎಕ್ಸೆಲ್‌ನಲ್ಲಿ ನನ್ನ ಕೆಲಸ ಚಾರ್ಟೂ ಅಲ್ಲ, ಪಿವೋಟ್ ಟೇಬಲ್ಲೂ ಅಲ್ಲ. ಬರೀ ಎಣಿಕೆ. ಎಷ್ಟು ಅರ್ಜಿ ಬಂತು, ಎಷ್ಟು ಬಾಕಿ, ಯಾರದ್ದು ಎರಡು ಸಲ ಬಂದಿದೆ. ವರ್ಷಗಳಿಂದ ಇದೇ. ಅದಕ್ಕೆ ಬಳಸುವುದರಲ್ಲಿ ಒಂದು ಕೌಂಟ್‌ಇಫ್, ಅಂದರೆ ಕೊಟ್ಟ ಷರತ್ತಿಗೆ ಹೊಂದುವ ಸೆಲ್‌ಗಳು ಎಷ್ಟಿವೆ ಅಂತ ಎಣಿಸುವ ಫಂಕ್ಷನ್.

ಹೊಸ ಪಟ್ಟಿ ತೆರೆದ ಕೂಡಲೇ ಒಂದೊಂದೇ ಕಾಲಂ ಆಯ್ಕೆ ಮಾಡಿ ಕೆಳಗಿನ ಸ್ಟೇಟಸ್ ಬಾರ್‌ನಲ್ಲಿ ಬರುವ ಎಣಿಕೆ ನೋಡುತ್ತೇನೆ. ಸುಮ್ನೆ ಒಂದು ಅಂದಾಜಿಗೆ. ಆಮೇಲೆ ಪಕ್ಕದ ಖಾಲಿ ಜಾಗದಲ್ಲಿ ಒಂದು ಸೆಲ್‌ಗೆ ಕೌಂಟ್, ಅದರ ಕೆಳಗೆ ಕೌಂಟ್‌ಎ. ಮೊದಲನೆಯದು ಸಂಖ್ಯೆಗಳನ್ನಷ್ಟೇ ಎಣಿಸುತ್ತದೆ, ಎರಡನೆಯದು ಖಾಲಿ ಇಲ್ಲದ್ದನ್ನೆಲ್ಲ. ತಲೆಬರಹದ ಸಾಲು ಬಿಟ್ಟು ನೋಡಿದಾಗ ವಯಸ್ಸಿನ ಕಾಲಂನಲ್ಲಿ ಇವೆರಡೂ ಬೇರೆ ಬಂದವೋ, ಯಾರೋ "ಮೂವತ್ತು" ಅಂತ ಅಕ್ಷರದಲ್ಲಿ ಬರೆದಿದ್ದಾರೆ, ಇಲ್ಲವೇ ಅಂಕಿ ಟೆಕ್ಸ್ಟ್ ಆಗಿ ಕೂತಿದೆ. ದಿನಾಂಕಕ್ಕೂ ಇದೇ ಪರೀಕ್ಷೆ ನಡೆಯುತ್ತದೆ, ಒಳಗೆ ದಿನಾಂಕವೂ ಸಂಖ್ಯೆಯೇ ಅಲ್ವಾ. ಈ ಎರಡು ಸಂಖ್ಯೆ ಒಂದೇ ಆಗಿ ಬಂದಾಗ ಸಿಗುವ ಸಮಾಧಾನ ಬೇರೆಯೇ.

ಎರಡು ಮೂರು ಷರತ್ತು ಒಟ್ಟಿಗೆ ಇದ್ದರೆ ಕೌಂಟ್‌ಇಫ್ಸ್ ಇದೆ. ಎಕ್ಸೆಲ್ 2007ರಲ್ಲಿ ಅದು ಬರುವ ತನಕ ಗುಣಿಸಿ ಕೂಡುವ ಫಂಕ್ಷನ್ ಆದ ಸಮ್‌ಪ್ರಾಡಕ್ಟ್ ಜೊತೆ ಒದ್ದಾಡಬೇಕಿತ್ತು. ಅದರ ಬಗ್ಗೆ ದೂರಿಲ್ಲ.

ಸಿಟ್ಟು ಬರುವುದು ಕೌಂಟ್‌ಇಫ್‌ನ ಒಂದು ಚಾಳಿಗೆ. ಟೆಕ್ಸ್ಟ್ ಆಗಿ ಇಟ್ಟಿದ್ದರೂ ಅಂಕಿ ಥರ ಕಂಡರೆ ಸಾಕು, ಅದನ್ನು ಸಂಖ್ಯೆ ಮಾಡಿಕೊಂಡೇ ಹೋಲಿಸುತ್ತದೆ. ಸಂಖ್ಯೆಯಲ್ಲಿ ಎಕ್ಸೆಲ್ ಉಳಿಸಿಕೊಳ್ಳುವುದು 15 ಅಂಕಿ ಮಾತ್ರ. 1234567890123451 ಮತ್ತು 1234567890123452 ಎಂಬ ಎರಡು ಗುರುತಿನ ಸಂಖ್ಯೆ ಟೆಕ್ಸ್ಟ್ ಆಗಿ ಇವೆ ಅಂದುಕೊಳ್ಳಿ. ಕೌಂಟ್‌ಇಫ್ ಲೆಕ್ಕದಲ್ಲಿ ಎರಡೂ ಒಂದೇ. ಅದೇ ಸೆಲ್‌ಗಳನ್ನು ಸಮ ಚಿಹ್ನೆ ಹಾಕಿ ಹೋಲಿಸಿ ನೋಡಿ, ಬೇರೆ ಬೇರೆ ಅನ್ನುತ್ತದೆ! ಒಂದೇ ಶೀಟ್, ಒಂದೇ ಪ್ರಶ್ನೆ, ಎರಡು ಉತ್ತರ. 007 ಮತ್ತು 7 ಕೂಡ ಇದಕ್ಕೆ ಒಂದೇ.

ಎರರ್ ಬಂದಿದ್ದರೆ ಕ್ಷಮಿಸಬಹುದಿತ್ತು. ಇದು ಏನೂ ಆಗಿಲ್ಲ ಅನ್ನುವ ಹಾಗೆ 2 ಅಂತ ಹೇಳಿ ಕೂರುತ್ತದೆ. ಆ 2 ನಂಬಿ ನಕಲು ಅಂತ ಸಾಲು ಅಳಿಸಿದರೆ ಒಬ್ಬ ಮನುಷ್ಯ ಪಟ್ಟಿಯಿಂದಲೇ ಮಾಯ. ಇಷ್ಟು ಧಾರಾಳವಾಗಿ ಊಹೆ ಮಾಡುವ ಫಂಕ್ಷನ್, ಹೆಸರಿನ ಕೊನೆಯಲ್ಲಿ ಒಂದು ಸ್ಪೇಸ್ ಇದ್ದರೆ ಮಾತ್ರ ಬೇರೆ ಹೆಸರು ಅಂತ ಹಟ ಹಿಡಿಯುತ್ತದೆ. ಏನು ನ್ಯಾಯವೋ!

ಪೂರ್ತಿ ಬೈಯಲೂ ಮನಸ್ಸು ಬರುವುದಿಲ್ಲ. ವಯಸ್ಸಿನ ಕಾಲಂನಲ್ಲಿ ಕೆಲವು 25 ಸಂಖ್ಯೆಯಾಗಿ, ಕೆಲವು ಟೆಕ್ಸ್ಟ್ ಆಗಿ ಇದ್ದಾಗ ಎಲ್ಲವನ್ನೂ ಸೇರಿಸಿ ಎಣಿಸಿಕೊಡುವುದು ಇದೇ ಚಾಳಿ. ಆದರೆ "20ಕ್ಕಿಂತ ಜಾಸ್ತಿ" ಅಂತ ಕೇಳಿದರೆ ಆ ಉಪಕಾರ ಇಲ್ಲ, ನಿಜವಾದ ಸಂಖ್ಯೆಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ.

ಉದ್ದದ ಗುರುತಿನ ಸಂಖ್ಯೆಗಳಿಗೆ ಈಗ ನಾನು ಮಾಡುವುದು ಇಷ್ಟು: ಷರತ್ತಿನ ಕೊನೆಗೆ ಒಂದು ನಕ್ಷತ್ರ ಚಿಹ್ನೆ ಅಂಟಿಸುತ್ತೇನೆ, ಸಂಖ್ಯೆ ಎ2 ಸೆಲ್‌ನಲ್ಲಿದ್ದರೆ ಎ2&"*" ಅಂತ. ನಕ್ಷತ್ರ ಅಂದರೆ ಅದರ ಮುಂದೆ ಏನಿದ್ದರೂ ಸರಿ, ಇಲ್ಲದಿದ್ದರೂ ಸರಿ. ನಕ್ಷತ್ರ ಕಂಡ ತಕ್ಷಣ ಅದನ್ನು ಟೆಕ್ಸ್ಟ್ ಅಂತಲೇ ನೋಡುತ್ತದೆ, ಕೊನೆಯ ಅಂಕಿಯೂ ಲೆಕ್ಕಕ್ಕೆ ಸಿಗುತ್ತದೆ. ಎಲ್ಲ ಸಂಖ್ಯೆಗಳೂ ಒಂದೇ ಉದ್ದ ಇರಬೇಕು ಅಷ್ಟೇ. ಇಲ್ಲದಿದ್ದರೆ ಚಿಕ್ಕದೊಂದು ಸಂಖ್ಯೆ, ತನ್ನಿಂದಲೇ ಶುರುವಾಗುವ ದೊಡ್ಡದನ್ನೂ ಸೇರಿಸಿಕೊಳ್ಳುತ್ತದೆ. ಅಂಥ ಪಟ್ಟಿಗೆ ಮತ್ತೆ ಹಳೆಯ ಸಮ್‌ಪ್ರಾಡಕ್ಟೇ ಗತಿ. ಅದಕ್ಕೆ ಇಡೀ ಕಾಲಂ ಕೊಡಬೇಡಿ, 10,48,576 ಸಾಲನ್ನೂ ತಡಕಾಡುತ್ತಾ ಕೂರುತ್ತದೆ. ಡೇಟಾ ಇರುವಷ್ಟು ಸಾಲು ಕೊಟ್ಟರೆ ಸಾಕು.

ಕೌಂಟ್‌ಇಫ್‌ಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಎಣಿಸುವುದು ಬರೀ ಹೆಸರು, ಊರು, ಹೌದು-ಇಲ್ಲ ಆಗಿದ್ದರೆ ನೀವು ನಾಲ್ಕೂವರೆ ಅಂತ ಓದಿಕೊಳ್ಳಿ.