ಸಂವಿಧಾನ ಓದಲು ಬೇರ್ ಆ್ಯಕ್ಟಾ, ಗೈಡಾ, ವಿಡಿಯೊ ಕ್ಲಾಸಾ?

ಕೆಎಎಸ್‌ಗೆ ಸಂವಿಧಾನ ಓದಲು ಯಾವ ಪುಸ್ತಕ ತಗೊಳ್ಳಲಿ ಎಂದು ಯಾರೇ ಕೇಳಿದರೂ ನನ್ನ ಉತ್ತರ ಒಂದೇ. ಮೊದಲು ಬೇರ್ ಆ್ಯಕ್ಟ್ ತಗೊಳ್ಳಿ. ಅಂದರೆ ವಿವರಣೆ, ಟೇಬಲ್, ಪ್ರಶ್ನೋತ್ತರ ಏನೂ ಇಲ್ಲದ, ಸಂವಿಧಾನದ ಮೂಲ ಪಾಠ ಮಾತ್ರ ಇರುವ ಪುಸ್ತಕ. ಉಳಿದದ್ದೆಲ್ಲ ಆಮೇಲೆ. ಕನ್ನಡದ ಗೈಡು, ಲೈಬ್ರರಿಯ ಎಲ್ಲ ಟೇಬಲ್ ಮೇಲೂ ಕಾಣುವ ದಪ್ಪ ಇಂಗ್ಲಿಷ್ ಪುಸ್ತಕ, ದುಡ್ಡು ಕಟ್ಟಿ ಸೇರಿದ ವಿಡಿಯೊ ಕ್ಲಾಸು, ಈ ಮೂರನ್ನೂ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಾನು ಕೊಪ್ಪಳ ಜಿಲ್ಲೆಯವನು. ಓದುತ್ತಿರುವುದು ಧಾರವಾಡದಲ್ಲಿ. ಹಗಲು ಕೆಲಸ, ಸಂಜೆ ಲೈಬ್ರರಿ. ರೂಮ್ ಬಾಡಿಗೆ, ಮೆಸ್ ಬಿಲ್ ಕಳೆದು ಉಳಿದ ದುಡ್ಡಲ್ಲಿ ಪುಸ್ತಕ ಕೊಳ್ಳಬೇಕು. ದಿನವಿಡೀ ಓದಲು ಬಿಡುವಿರುವವರಿಗೆ, ಮನೆಯಿಂದ ದುಡ್ಡು ಬರುವವರಿಗೆ ಲೆಕ್ಕಾಚಾರ ಸ್ವಲ್ಪ ಬೇರೆ ಇರಬಹುದು.

ಮೊದಲು ಗೈಡಿನ ವಿಷಯ. ಅದನ್ನು ಕೊಂಡಿದ್ದಕ್ಕೆ ಕಾರಣ ಇತ್ತು. ಎಲ್ಲ ಕನ್ನಡದಲ್ಲಿ, ಎಲ್ಲ ಸಿಲಬಸ್ ಪ್ರಕಾರ, ಕೊನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು. ಮುಖಪುಟದಲ್ಲಿ ‘ಹೊಸ ಆವೃತ್ತಿ, ಇತ್ತೀಚಿನ ಎಲ್ಲ ತಿದ್ದುಪಡಿಗಳೊಂದಿಗೆ’ ಎಂದು ದಪ್ಪ ಅಕ್ಷರದಲ್ಲಿ ಇತ್ತು. ಪ್ರಕಾಶಕರ ಹೆಸರು ಬೇಡ. ಇದೇ ರೀತಿಯ ಗೈಡುಗಳು ಮಾರುಕಟ್ಟೆಯಲ್ಲಿ ಇನ್ನೂ ಇವೆ.

ಲೋಕಸಭೆಯ ಅಧ್ಯಾಯದಲ್ಲಿ ಒಟ್ಟು ಸದಸ್ಯರು 545, ಅದರಲ್ಲಿ ಇಬ್ಬರು ಆಂಗ್ಲೋ ಇಂಡಿಯನ್ ನಾಮನಿರ್ದೇಶಿತರು ಎಂದು ಬರೆದಿತ್ತು. ಪುಸ್ತಕದ ಕೊನೆಯ ತಿದ್ದುಪಡಿಗಳ ಪಟ್ಟಿಯಲ್ಲಿ, 104ನೇ ತಿದ್ದುಪಡಿಯಿಂದ ಈ ನಾಮನಿರ್ದೇಶನ ನಿಂತಿತು ಎಂದಿತ್ತು. ರಾಜ್ಯ ಶಾಸಕಾಂಗದ ಅಧ್ಯಾಯದಲ್ಲಿ ಕರ್ನಾಟಕ ವಿಧಾನಸಭೆಗೆ 225 ಸದಸ್ಯರು. ‘ಕರ್ನಾಟಕ ವಿಶೇಷ’ ಎಂಬ ಪುಟದಲ್ಲಿ 224. ಒಂದೇ ಪುಸ್ತಕ, ಒಂದೇ ವರ್ಷದ ಮುದ್ರಣ, ಎರಡೆರಡು ಉತ್ತರ.

ಸರಿಯಾದದ್ದು ಇಷ್ಟು. 331ನೇ ವಿಧಿ ಲೋಕಸಭೆಗೆ ಇಬ್ಬರು ಆಂಗ್ಲೋ ಇಂಡಿಯನ್ನರನ್ನು ನಾಮನಿರ್ದೇಶನ ಮಾಡಲು ರಾಷ್ಟ್ರಪತಿಗೆ ಅವಕಾಶ ಕೊಟ್ಟಿತ್ತು. 333ನೇ ವಿಧಿ ವಿಧಾನಸಭೆಗೆ ಒಬ್ಬರನ್ನು ನಾಮನಿರ್ದೇಶನ ಮಾಡಲು ರಾಜ್ಯಪಾಲರಿಗೆ ಅವಕಾಶ ಕೊಟ್ಟಿತ್ತು. ಎಲ್ಲಿಯವರೆಗೆ ಎಂಬುದು 334ನೇ ವಿಧಿಯಲ್ಲಿದೆ. 2020ರ ಜನವರಿಯಲ್ಲಿ ಜಾರಿಗೆ ಬಂದ 104ನೇ ತಿದ್ದುಪಡಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಸೀಟು ಮೀಸಲಾತಿಯನ್ನು, ಸಂವಿಧಾನ ಜಾರಿಯಾದಂದಿನಿಂದ ಲೆಕ್ಕ ಹಾಕಿ, 70 ವರ್ಷದಿಂದ 80 ವರ್ಷಕ್ಕೆ ಏರಿಸಿತು. ಆಂಗ್ಲೋ ಇಂಡಿಯನ್ ನಾಮನಿರ್ದೇಶನವನ್ನು 70ಕ್ಕೇ ನಿಲ್ಲಿಸಿತು. ಹಾಗಾಗಿ ಈಗ ಲೋಕಸಭೆ 543, ನಮ್ಮ ವಿಧಾನಸಭೆ 224.

ಗೈಡಿನವರು ಮಾಡಿದ್ದೇನು ಎಂದರೆ, ತಿದ್ದುಪಡಿ ಬಂದಾಗೆಲ್ಲ ಕೊನೆಯ ಪಟ್ಟಿಗೆ ಒಂದು ಸಾಲು ಸೇರಿಸಿದ್ದಾರೆ. ಒಳಗಿನ ಅಧ್ಯಾಯವನ್ನು ಮುಟ್ಟಿಲ್ಲ. ಮಹಿಳಾ ಮೀಸಲಾತಿಯ 106ನೇ ತಿದ್ದುಪಡಿಯ ಕಥೆಯೂ ಅಷ್ಟೇ. 2023 ಎಂದು ಪಟ್ಟಿಯಲ್ಲಿ ಇದೆ. ಅದು ಸೇರಿಸಿದ 330ಎ, 332ಎ, 334ಎ ವಿಧಿಗಳು ಶಾಸಕಾಂಗದ ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ಇದರಿಂದ ಆಗುವ ನಷ್ಟ ಒಂದೆರಡು ಅಂಕದ್ದಲ್ಲ. ಒಂದು ಸಲ ಹೀಗೆ ಸಿಕ್ಕಿದ ಮೇಲೆ ಪ್ರತಿ ಪುಟದಲ್ಲೂ ಅನುಮಾನ. ಓದುವುದು ಬಿಟ್ಟು ಮೊಬೈಲ್ ಕೈಗೆ ಬರುತ್ತದೆ. ಅಲ್ಲಿ ಇನ್ನೂ ನಾಲ್ಕು ಬಗೆಯ ಉತ್ತರ ಕಾಣುತ್ತದೆ. ಸಂಜೆ ಎರಡು ಗಂಟೆ ಸಿಗುವವನಿಗೆ ಅದರಲ್ಲಿ ಅರ್ಧ ಗಂಟೆ ಹುಡುಕಾಟಕ್ಕೇ ಹೋದರೆ ಹೊಟ್ಟೆ ಉರಿಯುತ್ತೆ. ಲೈಬ್ರರಿಯಲ್ಲಿ ಪಕ್ಕದಲ್ಲಿ ಕೂರುವ ಒಬ್ಬ ತಮ್ಮ ಇದೇ ಗೈಡಿನ 545 ಅನ್ನು ನೋಟ್ಸ್‌ಗೆ ಇಳಿಸಿ, ಬಣ್ಣದ ಪೆನ್ನಿಂದ ಗೆರೆ ಹಾಕಿ ಬಾಯಿಪಾಠ ಮಾಡಿಕೊಂಡಿದ್ದ. ಅವನದೇನು ತಪ್ಪು? ದುಡ್ಡು ಕೊಟ್ಟು ಕೊಂಡ ಪುಸ್ತಕವನ್ನು ನಂಬಿದ್ದಾನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಗೆ ಪುಸ್ತಕ ಬರೆಯುವವರಿಗೆ ಈ ಜವಾಬ್ದಾರಿ ಇರಲೇಬೇಕು.

ಗೈಡ್ ಬೇಕೇ ಬೇಕು ಅನ್ನುವವರು ಅಂಗಡಿಯಲ್ಲೇ ಎರಡು ನಿಮಿಷ ತಗೊಳ್ಳಿ. ಮುಖಪುಟ, ತಿದ್ದುಪಡಿ ಪಟ್ಟಿ ಎರಡನ್ನೂ ಬಿಡಿ. ಲೋಕಸಭೆಯ ಅಧ್ಯಾಯ ತೆರೆದು ಸಂಖ್ಯೆ ನೋಡಿ. ಸೀಟು ಮೀಸಲಾತಿ ಎಷ್ಟು ವರ್ಷ ಎಂದಿದೆ ನೋಡಿ. ಹಿಂದುಳಿದ ವರ್ಗಗಳ ಆಯೋಗಕ್ಕೆ 338ಬಿ ಹೇಳಿದ್ದಾರಾ ನೋಡಿ. ಈ ಮೂರೂ ಸರಿ ಇದ್ದರೆ ಪುಸ್ತಕವನ್ನು ಯಾರೋ ನಿಜವಾಗಿ ಪರಿಷ್ಕರಿಸಿದ್ದಾರೆ ಎಂದು ನಂಬಬಹುದು.

ಈಗ ಬೇರ್ ಆ್ಯಕ್ಟ್. ಇಂಗ್ಲಿಷ್ ಪಾಠ ಕೇಂದ್ರ ಕಾನೂನು ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕನ್ನಡ ಅನುವಾದವೂ ಪುಸ್ತಕವಾಗಿ ಸಿಗುತ್ತದೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಕನ್ನಡದ್ದು ಓದಲು, ಇಂಗ್ಲಿಷಿನದ್ದು ಯಾವ ತಿದ್ದುಪಡಿವರೆಗೆ ಬಂದಿದೆ ಎಂದು ತಾಳೆ ನೋಡಲು. ಇಂಗ್ಲಿಷ್ ಪಿಡಿಎಫ್‌ನಿಂದ ಬೇಕಾದ ಭಾಗಗಳನ್ನು ಮಾತ್ರ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದೆ. ಗೈಡಿನ ಬೆಲೆಗಿಂತ ಎಷ್ಟೋ ಕಡಿಮೆ ಆಯಿತು.

ಇದರ ನಿಜವಾದ ಬೆಲೆ ಅಡಿಟಿಪ್ಪಣಿಯಲ್ಲಿದೆ. 19ನೇ ವಿಧಿ ತೆರೆಯಿರಿ. ಮೊದಲ ಉಪವಿಧಿಯಲ್ಲಿ ಸ್ವಾತಂತ್ರ್ಯಗಳ ಪಟ್ಟಿ ಎ, ಬಿ, ಸಿ, ಡಿ, ಇ ಎಂದು ಬಂದು, ಎಫ್ ಜಾಗದಲ್ಲಿ ಬರೀ ಚುಕ್ಕಿ. ಮುಂದೆ ಜಿ. ಚುಕ್ಕಿಯ ಕೆಳಗಿನ ಟಿಪ್ಪಣಿ ನೋಡಿದರೆ 1978ರ 44ನೇ ತಿದ್ದುಪಡಿ ಅದನ್ನು ತೆಗೆದುಹಾಕಿತು ಎಂದಿದೆ. ಅಲ್ಲಿ ಇದ್ದದ್ದು ಆಸ್ತಿಯ ಹಕ್ಕು. ಅದೇ ತಿದ್ದುಪಡಿ 31ನೇ ವಿಧಿಯನ್ನೂ ತೆಗೆದು, ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಭಾಗದಿಂದ ಆಚೆ, 300ಎ ವಿಧಿಗೆ ಕಳಿಸಿತು. ಗೈಡಿನಲ್ಲಿ ಇದನ್ನು ಒಂದು ಸಾಲಾಗಿ ಓದಿದ್ದೆ, ಮರೆತಿದ್ದೆ. ಇಲ್ಲಿ ಆ ಖಾಲಿ ಜಾಗ ಕಣ್ಣಿಗೆ ಬಿದ್ದ ಮೇಲೆ ಮರೆತಿಲ್ಲ.

ಇನ್ನೊಂದು, 15, 16 ಮತ್ತು 29. ಮೂರರಲ್ಲೂ ತಾರತಮ್ಯ ಮಾಡಬಾರದು ಎಂದೇ ಇದೆ. ಗೈಡಿನಲ್ಲಿ ಮೂರಕ್ಕೂ ‘ಜಾತಿ, ಧರ್ಮ, ಲಿಂಗ ಇತ್ಯಾದಿ’ ಎಂದು ಬರೆದು ಮುಗಿಸಿದ್ದರು. ಆದರೆ ಪ್ರಶ್ನೆ ಬರುವುದು ಆ ‘ಇತ್ಯಾದಿ’ಯ ಒಳಗಿಂದಲೇ. 15ರಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ. ಸರ್ಕಾರಿ ಕೆಲಸದ 16ರಲ್ಲಿ ಇವುಗಳ ಜೊತೆಗೆ ವಂಶ ಮತ್ತು ವಾಸಸ್ಥಳ. ಶಿಕ್ಷಣ ಸಂಸ್ಥೆಗಳ ಪ್ರವೇಶದ 29(2)ರಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆ. ಅಲ್ಲಿ ಲಿಂಗ ಇಲ್ಲ, ಹುಟ್ಟಿದ ಸ್ಥಳ ಇಲ್ಲ. ಹೇಳಿಕೆ ಕೊಟ್ಟು ಸರಿ ತಪ್ಪು ಕೇಳುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಜಾಗ ಇದೆಯಾ?

ವಾಸಸ್ಥಳ ಎಂಬ ಆ ಒಂದು ಪದದಿಂದ ನನ್ನದೇ ವಿಷಯಕ್ಕೆ ದಾರಿ ಸಿಕ್ಕಿತು. ವಾಸಸ್ಥಳ ನೋಡಿ ಸರ್ಕಾರಿ ಕೆಲಸದಲ್ಲಿ ತಾರತಮ್ಯ ಮಾಡುವಂತಿಲ್ಲ. ಹಾಗೆ ಷರತ್ತು ಹಾಕಬೇಕೆಂದರೆ 16(3) ಪ್ರಕಾರ ಸಂಸತ್ತು ಕಾನೂನು ಮಾಡಬೇಕು, ರಾಜ್ಯ ಶಾಸಕಾಂಗ ಅಲ್ಲ. ಹಾಗಿದ್ದರೆ ನಮ್ಮ ಕಲ್ಯಾಣ ಕರ್ನಾಟಕದ ಮೀಸಲಾತಿ ಹೇಗೆ ನಿಂತಿದೆ? 2012ರ 98ನೇ ತಿದ್ದುಪಡಿ ಸೇರಿಸಿದ 371ಜೆ ಮೇಲೆ. ಅದರ ಎರಡನೇ ಉಪವಿಧಿ ಓದಿದರೆ, ಹುಟ್ಟಿನಿಂದ ಅಥವಾ ವಾಸದಿಂದ ಆ ಪ್ರದೇಶಕ್ಕೆ ಸೇರಿದವರಿಗೆ ಶಿಕ್ಷಣದಲ್ಲಿ, ಕೆಲಸದಲ್ಲಿ ಪಾಲು ಎಂದು ಸ್ಪಷ್ಟವಾಗಿ ಇದೆ. ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಪಾಳಿ ನಿಂತು ತಂದ ನನ್ನ ಪ್ರಮಾಣಪತ್ರದ ಬೇರು ಇದೇ ಪುಟದಲ್ಲಿದೆ ಎಂದು ಗೊತ್ತಾದಾಗ ಆದ ಖುಷಿ ಯಾವ ಗೈಡೂ ಕೊಟ್ಟಿರಲಿಲ್ಲ.

ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆಗೆ ಓದುವವರಿಗೂ ಇದೇ ಮಾತು. 243ಡಿಯಲ್ಲಿ ಮಹಿಳೆಯರಿಗೆ ‘ಮೂರನೇ ಒಂದಕ್ಕೆ ಕಡಿಮೆ ಇಲ್ಲದಷ್ಟು’ ಎಂದಿದೆ. ಅದಕ್ಕೇ ಕರ್ನಾಟಕ ಪಂಚಾಯಿತಿಗಳಲ್ಲಿ ಅರ್ಧ ಕೊಡಲು ಸಾಧ್ಯವಾಯಿತು. ಸುಮ್ನೆ ‘ಮೂರನೇ ಒಂದು’ ಎಂದು ಓದಿದವರಿಗೆ ಈ ಎರಡು ಸಂಖ್ಯೆ ಹೇಗೆ ಕೂಡುತ್ತವೆ ಎಂಬುದೇ ಗೊತ್ತಾಗುವುದಿಲ್ಲ.

ಬೇರ್ ಆ್ಯಕ್ಟಿಗೂ ಕೊರತೆ ಇದೆ. ಮೇಲೆ ಹೇಳಿದ 331, 333 ಇಂದಿಗೂ ಪುಸ್ತಕದಲ್ಲಿ ಹಾಗೇ ಅಚ್ಚಾಗಿವೆ. 334 ಸೇರಿಸಿ ಓದದಿದ್ದರೆ ನಾಮನಿರ್ದೇಶನ ಇನ್ನೂ ಇದೆ ಅನ್ನಿಸುತ್ತದೆ. 368ರ ನಾಲ್ಕು ಮತ್ತು ಐದನೇ ಉಪವಿಧಿಗಳೂ ಅಲ್ಲೇ ಇವೆ. ಸಂವಿಧಾನ ತಿದ್ದುಪಡಿಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ, ಸಂಸತ್ತಿನ ಅಧಿಕಾರಕ್ಕೆ ಮಿತಿ ಇಲ್ಲ ಎನ್ನುವ ಸಾಲುಗಳು ಅವು. 1980ರಲ್ಲಿ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವನ್ನು ರದ್ದು ಮಾಡಿತು. ಕೋರ್ಟ್ ರದ್ದು ಮಾಡಿದರೂ ಪುಸ್ತಕದಿಂದ ಸಾಲು ಅಳಿಸಿಹೋಗುವುದಿಲ್ಲ. ಸಂವಿಧಾನದ ತಿರುಳನ್ನು ತಿದ್ದುಪಡಿಯಿಂದಲೂ ಕೆಡಿಸುವಂತಿಲ್ಲ ಎನ್ನುವ ‘ಮೂಲ ರಚನೆ’ಯ ಮಾತಂತೂ ಇಡೀ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಅದು ತೀರ್ಪಿನಿಂದ ಬಂದದ್ದು.

ಈ ಜಾಗದಲ್ಲಿ ದಪ್ಪ ಇಂಗ್ಲಿಷ್ ಪುಸ್ತಕ ನಿಜವಾಗಿ ಕೆಲಸಕ್ಕೆ ಬರುತ್ತದೆ. 1967ರ ಗೋಲಕನಾಥ್‌ನಿಂದ 1973ರ ಕೇಶವಾನಂದ ಭಾರತಿ, ಅಲ್ಲಿಂದ ಮಿನರ್ವಾ ಮಿಲ್ಸ್, 1994ರ ಎಸ್.ಆರ್. ಬೊಮ್ಮಾಯಿ ತೀರ್ಪಿನವರೆಗೆ ಎಳೆ ಹಿಡಿದು ಓದಬಹುದು. ಇವುಗಳಲ್ಲಿ ಮೂರಕ್ಕೆ ನಮ್ಮ ನಂಟಿದೆ. ಕೇಶವಾನಂದ ಭಾರತಿ ಸ್ವಾಮೀಜಿ ಕಾಸರಗೋಡಿನ ಎಡನೀರು ಮಠದವರು. ಮಿನರ್ವಾ ಮಿಲ್ಸ್ ಬೆಂಗಳೂರಿನ ಬಟ್ಟೆ ಗಿರಣಿ. ಬೊಮ್ಮಾಯಿ ನಮ್ಮ ಮುಖ್ಯಮಂತ್ರಿಯಾಗಿದ್ದವರು, 1989ರಲ್ಲಿ ಅವರ ಸರ್ಕಾರ ವಜಾ ಆಗಿತ್ತು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲೇ ತೀರ್ಮಾನ ಆಗಬೇಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಆ ಪ್ರಕರಣದಲ್ಲಿ. ಮೇನ್ಸ್‌ನಲ್ಲಿ ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಯ ಬಗ್ಗೆ ಬರೆಯುವಾಗ ಇದಿಲ್ಲದೆ ಉತ್ತರ ನಿಲ್ಲುವುದಿಲ್ಲ.

ಆದರೆ ಆ ಪುಸ್ತಕ ಸಾಮಾನ್ಯ ಪ್ರಿಲಿಮ್ಸ್ ಓದಿಗೆ ಜಾಸ್ತಿ ಆಯಿತು. ಬೆಲೆಯೂ ಜಾಸ್ತಿ, ತೂಕವೂ ಜಾಸ್ತಿ. ಕೇಂದ್ರದ ಬಗ್ಗೆ ಹೇಳಿದ್ದನ್ನೇ ರಾಜ್ಯದ ಅಧ್ಯಾಯದಲ್ಲಿ ಮತ್ತೆ ಓದಬೇಕು. ಕನ್ನಡದಲ್ಲಿ ಪರೀಕ್ಷೆ ಬರೆಯುವವನು ಓದಿದ್ದನ್ನೆಲ್ಲ ಮನಸ್ಸಲ್ಲೇ ಕನ್ನಡಕ್ಕೆ ತಂದುಕೊಳ್ಳಬೇಕು. ನಾನು ಲೈಬ್ರರಿಯ ಪ್ರತಿಯಲ್ಲೇ ಬೇಕಾದ ಅಧ್ಯಾಯ ಓದಿ ಟಿಪ್ಪಣಿ ಮಾಡಿಕೊಳ್ಳುತ್ತೇನೆ. ಸ್ವಂತಕ್ಕೆ ಕೊಳ್ಳುವ ಯೋಚನೆ ಇಲ್ಲ.

ವಿಡಿಯೊ ಕ್ಲಾಸ್ ಬಗ್ಗೆ ಹೇಳಲು ಹೆಚ್ಚಿಲ್ಲ. ತುರ್ತು ಪರಿಸ್ಥಿತಿ, ಕೇಂದ್ರ ರಾಜ್ಯ ಸಂಬಂಧದಂಥ ಪಾಠಗಳಿಗೆ ಒಳ್ಳೆಯದು, ಕೇಳಿದರೆ ಬೇಗ ಅರ್ಥವಾಗುತ್ತದೆ. ರಿವಿಷನ್‌ಗೆ ಉಪಯೋಗ ಇಲ್ಲ. 110ನೇ ವಿಧಿಯಲ್ಲಿ ಏನಿತ್ತು ಎಂದು ನೋಡಲು ಪುಟ ತಿರುಗಿಸಿದರೆ ಸಾಕು, ವಿಡಿಯೊದಲ್ಲಿ ಹುಡುಕುತ್ತಾ ಕೂರಬೇಕು. ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವುದರಲ್ಲೇ ಒಳ್ಳೆಯದು ಬೇಕಾದಷ್ಟಿದೆ. ಇದಕ್ಕೆಂದೇ ಸಾವಿರಗಟ್ಟಲೆ ಕಟ್ಟಬೇಡಿ.

ಎನ್‌ಸಿಇಆರ್‌ಟಿಯ 11ನೇ ತರಗತಿಯ ಪುಸ್ತಕ ಉಚಿತ. ಹೊಸದಾಗಿ ಶುರು ಮಾಡುವವರು ಒಮ್ಮೆ ಓದಲಿ.

ನನ್ನ ತೀರ್ಮಾನ ಇದು. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಪಿಡಿಒ, ಕೆಎಎಸ್ ಪ್ರಿಲಿಮ್ಸ್‌ಗೆ ಬೇರ್ ಆ್ಯಕ್ಟ್ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು. ಮೇನ್ಸ್‌ಗೆ ಅದರ ಜೊತೆ ಲೈಬ್ರರಿಯ ದಪ್ಪ ಪುಸ್ತಕದಿಂದ ತೀರ್ಪುಗಳ ಅಧ್ಯಾಯ. ಬಸ್ಸಲ್ಲಿ, ಊಟದ ಬಿಡುವಲ್ಲಿ ಓದುವ ನನ್ನಂಥವರಿಗೆ ಬೇರ್ ಆ್ಯಕ್ಟ್ ಇನ್ನೂ ಅನುಕೂಲ, ಒಂದು ಹೊತ್ತಿಗೆ ಎರಡು ವಿಧಿ ಓದಿ ಮುಚ್ಚಿಡಬಹುದು. ಮೊದಲ ಪುಟದಿಂದ ಶುರು ಮಾಡಬೇಡಿ, ಪೌರತ್ವದ ಭಾಗ ದಾಟುವಷ್ಟರಲ್ಲಿ ಬೇಸರ ಬರುತ್ತದೆ. ಮೂರನೇ ಭಾಗದ ಮೂಲಭೂತ ಹಕ್ಕುಗಳಿಂದ ಶುರು ಮಾಡಿ, ಆಮೇಲೆ ರಾಜ್ಯ ಸರ್ಕಾರದ ಆರನೇ ಭಾಗ, ಆಮೇಲೆ ಪಂಚಾಯಿತಿಗಳ ಒಂಬತ್ತನೇ ಭಾಗ. ಅಷ್ಟು ಮುಗಿಯುವ ಹೊತ್ತಿಗೆ ಉಳಿದದ್ದನ್ನು ಯಾವ ಕ್ರಮದಲ್ಲಿ ಓದಬೇಕು ಎಂದು ನಿಮಗೇ ಗೊತ್ತಾಗಿರುತ್ತದೆ.