ಇಟೆನ್‌ನ ಓಟಗಾರರ ಗೆಸ್ಟ್ ಹೌಸ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಪವಾಡಾನೂ ಇಲ್ಲ

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಕಟ್ ಆಗಿರೋ ಒಂದು ಸ್ಟಾರ್ ಬಿಸಿನೀರಿಗೆ, ಮತ್ತೆ ಬುಕಿಂಗ್ ಸೈಟಲ್ಲಿ ಹಾಕಿರೋ ಫೋಟೋಗಳಿಗೆ. ಜಾಗದ ಹೆಸರು ಹಾಕ್ತಿಲ್ಲ, ಯಾಕಂದ್ರೆ ದೂರೋದೂ ಸ್ವಲ್ಪ ಇದೆ, ನಡೆಸ್ತಿರೋದು ಒಬ್ಬ ಹೆಣ್ಣುಮಗಳು, ಅವ್ರ ಹೊಟ್ಟೆಪಾಡು ಅದು. ಮೇಲಾಗಿ ಮೇನ್ ರೋಡ್ ಬಿಟ್ಟು ಒಳಗೆ ಹೋದ್ರೆ ಸಿಗೋ ಸಣ್ಣ ಗೆಸ್ಟ್ ಹೌಸ್‌ಗಳೆಲ್ಲ ಹೆಚ್ಚುಕಮ್ಮಿ ಇದೇ ಥರ ಅಂತ ಅಲ್ಲಿ ಸಿಕ್ಕ ಬೇರೆ ಓಟಗಾರರೂ ಹೇಳಿದ್ರು, ಹಾಗಾಗಿ ಇದನ್ನ ಊರಿನ ರಿವ್ಯೂ ಅಂತ್ಲೇ ಓದ್ಕೊಳ್ಳಿ.

ಇಟೆನ್ ಗೊತ್ತಿಲ್ದೋರಿಗೆ ಎರಡು ಮಾತು. ಕೀನ್ಯಾದ ಪಶ್ಚಿಮಕ್ಕೆ, ಎಲ್ಗೆಯೊ ಮಾರಕ್ವೆಟ್ ಕೌಂಟಿಯಲ್ಲಿ, ಕೆರಿಯೋ ಕಣಿವೆಯ ಅಂಚಲ್ಲಿ ಕೂತಿರೋ ಸಣ್ಣ ಪೇಟೆ. ಎತ್ತರ ಸುಮಾರು 2400 ಮೀಟರ್, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿ ಮೇಲೆ ನಿಂತು ಇನ್ನೂ 400 ಮೀಟರ್‌ಗಿಂತ ಜಾಸ್ತಿ ಹತ್ತಬೇಕು. ಊರ ಬಾಗಿಲಲ್ಲಿ ‘ಚಾಂಪಿಯನ್ನರ ತವರು’ ಅಂತ ಕಮಾನು ಹಾಕಿದಾರೆ, ಅದು ಬಡಾಯಿ ಅಲ್ಲ. 1976ರಲ್ಲಿ ಐರ್ಲೆಂಡಿಂದ ಕೋಲ್ಮ್ ಓಕಾನಲ್ ಅನ್ನೋ ಒಬ್ರು ಪ್ಯಾಟ್ರೀಶಿಯನ್ ಬ್ರದರ್, ಅಂದ್ರೆ ಕ್ಯಾಥೋಲಿಕ್ ಸನ್ಯಾಸಿ, ಇಲ್ಲಿನ ಸೇಂಟ್ ಪ್ಯಾಟ್ರಿಕ್ಸ್ ಹೈಸ್ಕೂಲಿಗೆ ಭೂಗೋಳ ಪಾಠ ಮಾಡೋಕೆ ಬಂದ್ರು. ಕೋಚಿಂಗ್ ಟ್ರೇನಿಂಗ್ ಏನೂ ಆಗಿರ್ಲಿಲ್ಲ, ಹುಡುಗ್ರು ಓಡೋದನ್ನ ನೋಡ್ತಾ ನೋಡ್ತಾನೇ ಕಲಿತ್ರು. ಆ ಸ್ಕೂಲಿನ ಪೀಟರ್ ರೋನೊ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 1500 ಮೀಟರ್ ಚಿನ್ನ ಗೆದ್ದ, ಮ್ಯಾಥ್ಯೂ ಬಿರಿರ್ 1992ರ ಒಲಿಂಪಿಕ್ಸ್‌ನಲ್ಲಿ ಸ್ಟೀಪಲ್‌ಚೇಸ್ (ಅಡೆತಡೆ ಹಾರ್ಕೊಂಡು ಓಡೋ ಓಟ) ಚಿನ್ನ, ಆಮೇಲೆ ಅದೇ ಬ್ರದರ್ ಕೈಕೆಳಗೆ ತಯಾರಾದ ಡೇವಿಡ್ ರುಡಿಶಾ 2012ರ ಲಂಡನ್ನಲ್ಲಿ 800 ಮೀಟರ್‌ನ 1 ನಿಮಿಷ 40.91 ಸೆಕೆಂಡಲ್ಲಿ ಓಡಿ ವಿಶ್ವದಾಖಲೆ ಮಾಡಿದ. ಮಿಷನ್ ಸ್ಕೂಲಿಂದ ಊರೇ ಹಿಂಗಾಗಿರೋದು ಓದಿದ ಮೇಲೆ ನನಗೆ ಹೋಗ್ಲೇಬೇಕು ಅನ್ನಿಸ್ತು.

ನಾನ್ಯಾಕೆ ಹೋದೆ ಅಂತ ಹೇಳದಿದ್ರೆ ಈ ರಿವ್ಯೂ ಅರ್ಥ ಆಗಲ್ಲ, ಚುಟುಕಾಗಿ ಹೇಳ್ತೀನಿ. ನಮ್ಮನೆಯವ್ರಿಗೆ ಕಿಡ್ನಿ ಎರಡೂ ಹೋಗಿತ್ತು, ವಾರಕ್ಕೆ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಾನೂ ನಾಲ್ಕು ಗಂಟೆ. ಆ ನಾಲ್ಕು ಗಂಟೆ ಆಸ್ಪತ್ರೆ ಬೆಂಚಲ್ಲಿ ಕೂತು ಕೂತು ತಲೆ ಕೆಟ್ಟು ಪಕ್ಕದ ಗ್ರೌಂಡಲ್ಲಿ ಚಪ್ಪಲಿ ಹಾಕ್ಕೊಂಡೇ ಸುತ್ತೋಕೆ ಶುರು ಮಾಡ್ದೆ, ಆಮೇಲೆ ಶೂ ಬಂತು, ಆಮೇಲೆ ಓಟ ಬಂತು, ಅವ್ರು ಹೋದ ಮೇಲೂ ಓಟ ನಿಲ್ಲಲಿಲ್ಲ. ನಾವು ಸಿಎಸ್ಐನವ್ರು, ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ ಸಭೆಯ ಕ್ರೈಸ್ತರು. ಸಭೇಲಿ ಒಳ್ಳೇವ್ರು ತುಂಬಾ ಜನ, ಊಟ ತಂದ್ಕೊಟ್ರು, ಸಾಲಕ್ಕೆ ಕೈ ಜೋಡಿಸಿದ್ರು, ಆದ್ರೆ ಒಬ್ರು ಬಂದು ‘ಅಕ್ಕಾ, ನಂಬಿಕೆ ಇನ್ನೂ ಗಟ್ಟಿ ಇದ್ದಿದ್ರೆ ವಾಸಿ ಆಗ್ತಿತ್ತು’ ಅಂದುಬಿಟ್ರು. ಆ ಮಾತು ಎದೇಲಿ ಕೂತ್ಬಿಡ್ತು. ಇನ್ನೊಂದು ಕಡೆ ಬೆಂಗಳೂರಿನ ದೊಡ್ಡ ಓಟಗಳೆಲ್ಲ ಇಟ್ಕೊಳ್ಳೋದು ಭಾನುವಾರ ಬೆಳಿಗ್ಗೆನೇ, ಆರಾಧನೆ ಟೈಮಿಗೆ ಸರಿಯಾಗಿ, ಅದಕ್ಕೂ ಹಿರಿಯರ ಹತ್ರ ಬೈಸ್ಕೊಂಡಿದ್ದಾಯ್ತು. ಓಟಾನೂ ದೇವರೂ ಒಂದೇ ಊರಲ್ಲಿ ಜಗಳ ಇಲ್ದೆ ಇರೋ ಜಾಗ ಒಂದಿದ್ಯಂತೆ, ನೋಡ್ಕೊಂಡು ಬರೋಣ ಅಂತ ಹೋದೆ ಅಷ್ಟೇ.

ಈಗ ಗೆಸ್ಟ್ ಹೌಸ್. ಫೋಟೋದಲ್ಲಿ ಕಣಿವೆ ಕಾಣೋ ಬಾಲ್ಕನಿ ಇತ್ತು, ನನ್ನ ರೂಮಿನ ಕಿಟಕಿಯಿಂದ ಕಂಡಿದ್ದು ನೀರಿನ ಟ್ಯಾಂಕು, ಎರಡು ಕುರಿ. ಕೇಳಿದ್ರೆ ಬಾಲ್ಕನಿ ಪಕ್ಕದ ಬಿಲ್ಡಿಂಗಿನದಂತೆ, ಅದನ್ನ ನಗ್ತಾ ಹೇಳಿದ್ರು, ನಾನೂ ನಕ್ಕು ಸುಮ್ನಾದೆ. ಗೀಸರ್ ಇದೆ, ಕರೆಂಟ್ ಇದ್ರೆ ಕೆಲಸ ಮಾಡುತ್ತೆ, ಕರೆಂಟ್ ಅದಕ್ಕೆ ಇಷ್ಟ ಬಂದಾಗ ಬರುತ್ತೆ. ಬೆಳಗಿನ ಜಾವ ಸಿಕ್ಕಾಪಟ್ಟೆ ಚಳಿ, ಸಮಭಾಜಕದ ಹತ್ರ ಅಂತ ಸ್ವೆಟರ್ ಬಿಟ್ಟು ಹೋದ್ರೆ ಸತ್ರಿ. ಆದ್ರೆ ಕಂಬಳಿ ದಪ್ಪ, ಹಾಸಿಗೆ ಕ್ಲೀನು, ಬಾಗಿಲಿಗೆ ಒಳಗಿಂದ ಒಳ್ಳೆ ಚಿಲಕ. ಒಂಟಿ ಹೆಂಗಸಾಗಿ ನಾನು ಮೊದ್ಲು ನೋಡೋದೇ ಅದು. ವೈಫೈ ಊಟದ ಹಾಲಲ್ಲಿ ಮಾತ್ರ ಸಿಗುತ್ತೆ, ಅದರಿಂದ ಒಂದು ಲಾಭ ಏನಂದ್ರೆ ರಾತ್ರಿ ಎಂಟೂವರೆಗೆಲ್ಲ ನಿದ್ದೆ.

ಊಟಕ್ಕೆ ಪೂರ್ತಿ ಮಾರ್ಕ್ಸ್. ಉಗಾಲಿ ಅಂದ್ರೆ ಬಿಳಿ ಜೋಳದ, ಅಂದ್ರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ನಮ್ಮ ರಾಗಿ ಮುದ್ದೆಯ ದೊಡ್ಡಪ್ಪನ ಮಗ ಅನ್ನಬಹುದು, ಆದ್ರೆ ನುಂಗೋದಲ್ಲ, ಕೈಯಲ್ಲಿ ಒತ್ತಿ ಪಲ್ಯ ಎತ್ಕೊಂಡು ಅಗಿಯೋದು. ಜೊತೆಗೆ ಸುಕುಮಾ ವಿಕಿ ಸೊಪ್ಪು, ಬೀನ್ಸ್, ಕೆಲವು ದಿನ ಮನಾಗು ಅನ್ನೋ ಸೊಪ್ಪು ಮಾಡ್ತಿದ್ರು, ಬಾಯಿಗಿಟ್ಟ ತಕ್ಷಣ ಅರೆ ಇದು ನಮ್ಮ ಗಣಿಕೆ ಸೊಪ್ಪು ಕಣ್ರೀ ಅನ್ನಿಸ್ತು, ಅದೇ ಜಾತೀದು, ಅದೇ ಸಣ್ಣ ಕಹಿ. ಚಪಾತಿ ಸಿಗುತ್ತೆ, ಹಾಲು ಹಾಕಿ ಕುದಿಸಿದ ಟೀ ದಿನಕ್ಕೆ ಎಷ್ಟು ಸಲ ಬೇಕಾದ್ರೂ ಸಿಗುತ್ತೆ. ಮುರ್ಸಿಕ್ ಅಂತ ಸೋರೆಬುರುಡೇಲಿ ಹುಳಿ ಬರಿಸಿದ ಹಾಲು ಕೊಡ್ತಾರೆ, ಒಳಗೆ ಇದ್ದಿಲು ಪುಡಿ ಸವರಿರ್ತಾರೆ, ಬೂದು ಬಣ್ಣ, ಗೆದ್ದು ಬಂದ ಓಟಗಾರರಿಗೆ ಏರ್‌ಪೋರ್ಟಲ್ಲೇ ಇದನ್ನ ಕುಡಿಸೋದು. ನಾನು ಏನೂ ಗೆದ್ದಿರ್ಲಿಲ್ಲ, ಆದ್ರೂ ಕೊಟ್ರು, ಒಂದು ಗುಟುಕಿಗೆ ಸಾಕಾಯ್ತು. ಸಸ್ಯಾಹಾರಿಗಳಿಗೆ ತೊಂದ್ರೆನೇ ಇಲ್ಲ, ಖಾರ ಮಾತ್ರ ನಾಸ್ತಿ, ಉಪ್ಪಿನಕಾಯಿ ಪ್ಯಾಕೆಟ್ ಇಟ್ಕೊಳ್ಳಿ.

ಓಟದ ಸರ್ವಿಸ್. ಗೆಸ್ಟ್ ಹೌಸಿನವ್ರು ಒಬ್ಬ ಹುಡುಗನ್ನ ಜೊತೆಗೆ ಓಡೋಕೆ ಗೊತ್ತು ಮಾಡ್ಕೊಡ್ತಾರೆ, ಬೆಳಿಗ್ಗೆ ಆರಕ್ಕೆ ಗೇಟ್ ಹತ್ರ ನಿಂತಿರ್ತಾನೆ. ದುಡ್ಡು ಅವನ ಕೈಗೇ ಕೊಡಿ, ಫೋನಲ್ಲೇ ದುಡ್ಡು ಕಳಿಸೋ ಎಂ-ಪೆಸಾ ಇದ್ರೆ ಇನ್ನೂ ಸುಲಭ, ಅಲ್ಲಿ ಟೊಮೇಟೊ ಮಾರೋ ಅಜ್ಜಿಯೂ ಫೋನಲ್ಲೇ ತಗೋತಾರೆ. ಮೊದಲ ದಿನ ಅವನು ಎಷ್ಟು ನಿಧಾನ ಓಡಿದ ಅಂದ್ರೆ ನನಗೋಸ್ಕರ ಪಾಪ ತಡ್ಕೊತಿದಾನೆ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಪಕ್ಕದಲ್ಲಿ ಹೋಗ್ತಿದ್ದ ಗುಂಪಲ್ಲಿ ಒಳ್ಳೊಳ್ಳೆ ಟೈಮಿಂಗ್ ಇರೋ ಮ್ಯಾರಥಾನ್ ಓಟಗಾರರೂ ಮೊದಲ ಕಿಲೋಮೀಟರು ಕಾಲೆಳ್ಕೊಂಡೇ ಹೋಗ್ತಿದಾರೆ, ಬೆಂಗಳೂರಿನ ಪಾರ್ಕಲ್ಲಿ ಅಂಕಲ್‌ಗಳು ಕೂಡ ಅದಕ್ಕಿಂತ ಜೋರು ಹೋಗ್ತಾರೆ. ಆಮೇಲೆ ಯಾವಾಗಲೋ ಸ್ಪೀಡ್ ಏರುತ್ತೆ, ನೀವು ಹಿಂದೆ ಉಳೀತೀರಿ, ಅದು ಬೇರೆ ಕಥೆ. ಕೆಂಪು ಮಣ್ಣಿನ ರಸ್ತೆ, ಏರು ಇಳಿ ಏರು ಇಳಿ, ಸಪಾಟು ಅನ್ನೋದೇ ಇಲ್ಲ. ಎತ್ತರಕ್ಕೆ ಮೊದಲ ಕೆಲವು ದಿನ ತಲೆನೋವು, ಮೆಟ್ಟಿಲು ಹತ್ತಿದ್ರೂ ಏದುಸಿರು, ಆಗ ಓಡೋ ಹಟ ಬೇಡ, ನಡೀರಿ ಸಾಕು. ಗುರುವಾರ ಬೆಳಿಗ್ಗೆ ದೊಡ್ಡ ಫಾರ್ಟ್‌ಲೆಕ್ ಇರುತ್ತೆ, ಅಂದ್ರೆ ಒಂದೆರಡು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹಿಂಗೇ ಮುಂದುವರೆಯೋದು. ನೂರಾರು ಜನ ಸೇರ್ತಾರೆ, ಯಾರು ಬೇಕಾದ್ರೂ ಸೇರ್ಕೋಬಹುದು, ಫೀಸ್ ಇಲ್ಲ, ಹೆಸರು ಬರೆಸೋದಿಲ್ಲ, ನಾನು ಬಾಲದಲ್ಲಿದ್ದೆ, ಸ್ವಲ್ಪ ಹೊತ್ತಿಗೆ ಬಾಲಾನೂ ಕಾಣಿಸ್ಲಿಲ್ಲ.

ಆ ನೂರಾರು ಜನದಲ್ಲಿ ಪೇಪರಲ್ಲಿ ಹೆಸರು ಬರೋದು ಬೆರಳೆಣಿಕೆ ಮಂದಿಗೆ. ಉಳಿದವ್ರು ಅಣ್ಣನ ದುಡ್ಡಲ್ಲಿ, ಸೆಕೆಂಡ್ ಹ್ಯಾಂಡ್ ಶೂನಲ್ಲಿ, ಒಂದು ರೂಮಲ್ಲಿ ಮೂರ್ನಾಲ್ಕು ಜನ ಇದ್ಕೊಂಡು, ಒಂದು ರೇಸಿಗೆ ಯಾರಾದ್ರೂ ಮ್ಯಾನೇಜರ್ ಕರೀತಾನಾ ಅಂತ ವರ್ಷಗಟ್ಟಲೆ ಕಾಯ್ತಾರೆ. ಇದನ್ನ ಗೆಸ್ಟ್ ಹೌಸಿನ ಬ್ರೋಷರಲ್ಲಿ ಯಾರೂ ಹಾಕಲ್ಲ, ಆದ್ರೆ ನಾನು ಕೊಟ್ಟ ದುಡ್ಡಿಗೆ ಸಿಕ್ಕಿದ ಮುಖ್ಯ ವಿಷಯ ಇದೇ.

ಭಾನುವಾರಕ್ಕೆ ಬರ್ತೀನಿ. ಶನಿವಾರ ತುಂಬಾ ಜನಕ್ಕೆ ಲಾಂಗ್ ರನ್ ಮುಗಿದಿರುತ್ತೆ, ಭಾನುವಾರ ರಸ್ತೆ ಖಾಲಿ ಖಾಲಿ, ಹಿಂದಿನ ದಿನ ಟ್ರ್ಯಾಕ್ ಸೂಟಲ್ಲಿ ನೋಡಿದ ಹುಡುಗ್ರು ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೊಂಡು ಚರ್ಚಿಗೆ ಹೊರಟಿರ್ತಾರೆ. ಮಾಲಕಿ ನನ್ನನ್ನೂ ಕರ್ಕೊಂಡು ಹೋದ್ರು. ತಗಡಿನ ಮಾಡಿನ ಸಭೆ, ಸ್ವಾಹಿಲಿಲಿ ಹಾಡು, ಆಮೇಲೆ ಅಲ್ಲಿನವ್ರ ಕಲೆಂಜಿನ್ ಭಾಷೇಲಿ, ಮೂರು ಗಂಟೆ ಆದ್ರೂ ಮುಗೀಲಿಲ್ಲ, ನಮ್ಮ ಅಯ್ಯನವ್ರ (ಪಾದ್ರಿಗಳ) ಪ್ರಸಂಗ ಉದ್ದ ಅಂತ ಇನ್ಮೇಲೆ ನಾನಂತೂ ಹೇಳಲ್ಲ. ಸಾಕ್ಷಿ ಹೇಳೋ ಹೊತ್ತಲ್ಲಿ, ಅಂದ್ರೆ ದೇವರು ತಮಗೆ ಮಾಡಿದ್ದನ್ನ ಸಭೆ ಮುಂದೆ ಹೇಳೋ ಹೊತ್ತಲ್ಲಿ, ಒಬ್ಬ ಎದ್ದು ನಿಂತ, ನನ್ನ ಪಕ್ಕದವ್ರು ಇಂಗ್ಲಿಷಲ್ಲಿ ಪಿಸುಗುಟ್ಟಿ ಹೇಳಿದ್ರು. ಹಿಮ್ಮಡಿ ನರ ಕಿತ್ತು ಓಡದೇ ತುಂಬಾ ಕಾಲ ಆಯ್ತಂತೆ, ಈಗ ಬೆಳಿಗ್ಗೆ ಹಾಲು ಹಾಕ್ತಾನಂತೆ, ಸಂಜೆ ನಡೀತಾನಂತೆ, ದೇವರಿಗೆ ಸ್ತೋತ್ರ ಅಂತ ಹೇಳಿ ಕೂತ್ಕೊಂಡ. ಅಷ್ಟೇ. ‘ಆಮೇಲೆ ನಾನು ಪ್ರಾರ್ಥನೆ ಮಾಡ್ದೆ, ವಾಸಿ ಆಯ್ತು, ಗೆದ್ದೆ’ ಅನ್ನೋ ಭಾಗ ಬರುತ್ತೆ ಅಂತ ನಾನು ಕಾಯ್ತಾ ಇದ್ದೆ, ಬರಲೇ ಇಲ್ಲ. ಜನ ಆಮೆನ್ ಅಂದ್ರು, ಮುಂದಿನ ಹಾಡು ಶುರುವಾಯ್ತು.

ನಮ್ಮ ಕಡೆ ಸಾಕ್ಷಿ ಅಂದ್ರೆ ಗೆದ್ದ ಕಥೆ ಆಗಿಬಿಟ್ಟಿದೆ. ಕೆಲಸ ಸಿಕ್ತು, ಸೈಟು ಸಿಕ್ತು, ರಿಪೋರ್ಟ್ ನಾರ್ಮಲ್ ಬಂತು. ಸಿಗದೇ ಇರೋರು ಎದ್ದು ನಿಲ್ಲೋದೇ ಇಲ್ಲ. ನಮ್ಮನೆಯವ್ರು ಡಯಾಲಿಸಿಸ್ ಮುಗಿಸಿ ಬಂದು ಸುಸ್ತಲ್ಲಿ ಮಲಗಿದ್ರೂ ರಾತ್ರಿ ಕೀರ್ತನೆ ಓದದೇ ಬಿಡ್ತಿರ್ಲಿಲ್ಲ, ಕೊನೇ ವಾರದವರೆಗೂ. ಅವ್ರ ನಂಬಿಕೆ ಕಡಿಮೆ ಇತ್ತು ಅಂದವ್ರಿಗೆ ಆವತ್ತು ನನಗೆ ಉತ್ತರ ಕೊಡೋಕೆ ಆಗಿರ್ಲಿಲ್ಲ, ಈಗ ಕೊಡ್ತೀನಿ. ಬೈಬಲಲ್ಲಿ ಪೌಲ ಗ್ರೀಸಿನ ಕೊರಿಂಥದವ್ರಿಗೆ ಓಟದ ಮಾತು ಬರೆದಿದ್ದೂ ಸುಮ್ಮನೆ ಅಲ್ಲ, ಆ ಊರ ಪಕ್ಕದಲ್ಲೇ ಒಲಿಂಪಿಕ್ಸ್ ಥರದ ಇಸ್ತಮಿಯನ್ ಕ್ರೀಡೆಗಳು ನಡೀತಿದ್ವು, ಓಡೋರೆಲ್ಲ ಓಡ್ತಾರೆ ಬಿರುದು ಒಬ್ಬನಿಗೇ ಅನ್ನೋದು ಅವ್ರು ಕಣ್ಣಾರೆ ಕಂಡಿದ್ದು, ಗೆದ್ದವನ ಹಾರಾನೂ ಬಾಡಿ ಹೋಗೋ ಎಲೆದು. ಅದೇ ಬೈಬಲಿನ ಯೆಶಾಯ ಪುಸ್ತಕದಲ್ಲಿ ‘ಓಡಿ ದಣಿಯರು, ನಡೆದು ಬಳಲರು’ ಅಂತ ಇದೆಯಲ್ಲ, ಮೊದಲು ಓಟ ಬರುತ್ತೆ, ಆಮೇಲೆ ನಡಿಗೆ. ಆ ಹಾಲು ಹಾಕೋ ಹುಡುಗನ್ನ ನೋಡಿದ ಮೇಲೆ ಆ ವಚನದ ಎರಡನೇ ಅರ್ಧ ಮೊದಲನೇದಕ್ಕಿಂತ ಕಷ್ಟದ್ದು ಅಂತ ನನಗನ್ನಿಸಿದೆ.

ಭಾನುವಾರದ ಜಗಳ ಅಲ್ಲೂ ಪೂರ್ತಿ ಬಗೆಹರಿದಿಲ್ಲ ಅನ್ನೋದೂ ಹೇಳ್ಬೇಕು. ಲಂಡನ್, ಬರ್ಲಿನ್, ಚಿಕಾಗೊ, ನ್ಯೂಯಾರ್ಕ್ ಎಲ್ಲಾ ಮ್ಯಾರಥಾನೂ ಭಾನುವಾರವೇ, ಬಾಸ್ಟನ್ ಒಂದು ಸೋಮವಾರ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹೀಟ್ಸ್ (ಮೊದಲ ಸುತ್ತು) ಭಾನುವಾರ ಅಂತ ಸ್ಕಾಟ್ಲೆಂಡಿನ ಭಕ್ತ ಓಟಗಾರ ಎರಿಕ್ ಲಿಡೆಲ್ 100 ಮೀಟರ್ ಬಿಟ್ಟುಕೊಟ್ಟ, 400 ಮೀಟರ್‌ನಲ್ಲಿ ಗೆದ್ದ, ಸಂಡೇ ಸ್ಕೂಲಲ್ಲಿ ಎಲ್ಲರೂ ಕೇಳಿರೋ ಕಥೆ. ಅದನ್ನ ಮಾಲಕಿ ಹತ್ರ ಹೇಳಿದ್ರೆ, ‘ಅವನಿಗೆ ಸ್ಕೂಲ್ ಫೀಸ್ ಕಟ್ಟೋಕೆ ತಮ್ಮಂದಿರು ಎಷ್ಟು ಜನ ಇದ್ರು?’ ಅಂತ ಕೇಳಿದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಊರನ್ನ ಸ್ವರ್ಗ ಅಂದ್ಕೊಂಡು ಹೋಗ್ಬೇಡಿ. ಪ್ರಾರ್ಥನೆ ಇರೋ ಊರಲ್ಲೇ ಡೋಪಿಂಗೂ ಇದೆ, ಕೀನ್ಯಾದ ಓಟಗಾರರು ಸಾಲುಸಾಲಾಗಿ ಬ್ಯಾನ್ ಆಗಿದಾರೆ, ಬಾಸ್ಟನ್, ಚಿಕಾಗೊ ಗೆದ್ದಿದ್ದ ರೀಟಾ ಜೆಪ್ಟೂ 2014ರಲ್ಲಿ ಇಪಿಒ ಅನ್ನೋ ನಿಷೇಧಿತ ಮದ್ದು ತಗೊಂಡು ಸಿಕ್ಕಿಬಿದ್ರು. ಅದಕ್ಕಿಂತ ನೋವಿನ ವಿಷಯ ಆಗ್ನೆಸ್ ಟಿರೋಪ್‌ದು. 2021ರ ಸೆಪ್ಟೆಂಬರಲ್ಲಿ ಬರೀ ಹೆಂಗಸರ 10 ಕಿಲೋಮೀಟರ್ ರೋಡ್ ರೇಸಿನಲ್ಲಿ 30 ನಿಮಿಷ 1 ಸೆಕೆಂಡಿನ ವಿಶ್ವದಾಖಲೆ ಮಾಡಿದ್ಲು, ಅಕ್ಟೋಬರಲ್ಲಿ ಇದೇ ಇಟೆನ್‌ನ ತನ್ನ ಮನೇಲಿ ಕೊಲೆಯಾದ್ಲು, 25 ವರ್ಷ. ಆಮೇಲೆ ಜೊತೆಯ ಓಟಗಾರರು ಸೇರಿ ಟಿರೋಪ್ಸ್ ಏಂಜಲ್ಸ್ ಅಂತ ಒಂದು ಸಂಸ್ಥೆ ಮಾಡಿ ಹೆಣ್ಣುಮಕ್ಕಳ ಮೇಲಿನ ಹಿಂಸೆ ಬಗ್ಗೆ ಕೆಲಸ ಮಾಡ್ತಿದಾರೆ. ಗೆದ್ದ ದುಡ್ಡು ತಂದ ಹೆಣ್ಣಿಗೆ ಮನೇಲೇ ಅಪಾಯ ಅನ್ನೋದು ಚರ್ಚಲ್ಲೂ ಜೋರಾಗಿ ಹೇಳಬೇಕಾದ ಮಾತು, ನಾನು ಹೋದ ದಿನ ಯಾರೂ ಹೇಳಲಿಲ್ಲ.

ಇನ್ನು ಉಪಯೋಗಕ್ಕೆ ಬರೋ ವಿಷಯ. ಹಳದಿ ಜ್ವರದ ಲಸಿಕೆ ಹೋಗೋಕೆ ಹತ್ತು ದಿನ ಮುಂಚೆನೇ ಹಾಕಿಸ್ಕೊಂಡು ಕಾರ್ಡ್ ಜೋಪಾನ ಮಾಡಿ, ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೇ ಕೇಳ್ತಾರೆ. ವೀಸಾ ಬದಲು ಈಗ ಆನ್‌ಲೈನಲ್ಲಿ ಇಟಿಎ ಅನ್ನೋ ಪ್ರವೇಶದ ಅನುಮತಿ ಮಾಡಿಸ್ಬೇಕು. ನೈರೋಬಿಯಿಂದ ಎಲ್ಡೊರೆಟ್‌ಗೆ ಫ್ಲೈಟು, ಅಲ್ಲಿಂದ ಮಟಾಟು ವ್ಯಾನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಮಾರ್ಚಿಂದ ಮೇವರೆಗೆ ಮಳೆ, ಆ ಕೆಂಪು ಮಣ್ಣು ಶೂಗೆ ಅಂಟ್ಕೊಂಡ್ರೆ ಕಾಲು ಎತ್ತೋಕಾಗಲ್ಲ, ಜನವರಿ ಫೆಬ್ರವರಿ ಒಳ್ಳೇದು. ಮನೇಲಿ ಸುಮ್ನೆ ಬಿದ್ದಿರೋ, ಇನ್ನೂ ಓಡಬಹುದಾದ ಶೂ ಇದ್ರೆ ತಗೊಂಡು ಹೋಗಿ ಕೊಟ್ಟು ಬನ್ನಿ, ಯಾರೂ ಬೇಡ ಅನ್ನಲ್ಲ. ಆಮೇಲೆ ಸಭೆಯಿಂದ ಮೂವತ್ತು ನಲವತ್ತು ಜನದ ಗ್ರೂಪ್ ಟೂರ್ ಮಾಡ್ಕೊಂಡು ಹೋಗೋ ಐಡಿಯಾ ಯಾರಿಗಾದ್ರೂ ಬಂದಿದ್ರೆ ದಯವಿಟ್ಟು ಬೇಡ, ಆ ಗೆಸ್ಟ್ ಹೌಸಲ್ಲಿ ಇರೋದು ಬೆರಳೆಣಿಕೆ ರೂಮು, ಗೀಸರ್ ಕಥೆ ಮೇಲೇ ಹೇಳಿದೀನಿ. ಇಬ್ರೋ ಮೂವರೋ ಹೋಗಿ, ಸೋಲಾರ್ ಇರೋ ಬ್ಲಾಕಲ್ಲೇ ರೂಮ್ ಕೊಡಿ ಅಂತ ಬುಕಿಂಗ್ ಮಾಡುವಾಗ್ಲೇ ಕೇಳಿ, ಅಂಥ ಬ್ಲಾಕ್ ಒಂದಿದೆ ಅಂತ ನನಗೆ ಗೊತ್ತಾಗಿದ್ದು ಬಿಲ್ ಕಟ್ಟೋ ದಿನ.